ವರನ ಕೈಗೆ ಚಿನ್ನದ ಗಡಿಯಾರ
ಎಪ್ಪತ್ತರ ದಶಕದಲ್ಲಿ ಜರಗನಹಳ್ಳಿಯ ಯಾವ ಮದುವೆಯಲ್ಲೂ ವರನಿಗೆ ಬಾಸಿಂಗ ಕಟ್ಟುವ ಮೊದಲು ತಿಮ್ಮರಾಯಪ್ಪನವರು ತಮ್ಮ ಚಿನ್ನದ ಗಡಿಯಾರ ಕಟ್ಟುತ್ತಿದ್ದರು. ತಾರೀಖನ್ನೂ ತೋರಿಸುವ ಸ್ವಿಸ್ ಗಡಿಯಾರ ಅದು. ಯಾರೂ ಕೇಳಬೇಕಾಗಿರಲಿಲ್ಲ, ಬೇಡವೆಂದರೂ ಬಿಡುತ್ತಿರಲಿಲ್ಲ. "ಸಂತೆ ಮಾಲಲ್ಲ ಕಣಪ್ಪ, ಒಂದೇ ಮನೆತನದೋರು ನಾಕು ತಲೆಮಾರಿಂದ ಮಾಡ್ತಾವ್ರೆ" ಎಂದು ಆ ಪರದೇಶದ ಮನೆತನದ ತಾತ, ಮುತ್ತಾತಂದಿರ ಹೆಸರನ್ನೆಲ್ಲ ಒಪ್ಪಿಸುತ್ತಿದ್ದ ಅವರು, ತಮ್ಮ ಮುತ್ತಾತನ ಹೆಸರು ಕೇಳಿದರೆ ಮಾತ್ರ ತಡವರಿಸುತ್ತಿದ್ದರು. ಧಾರೆಯ ನೀರು ಗಡಿಯಾರಕ್ಕೆ ಸಿಡಿಯದಂತೆ ವರನ ಮಣಿಕಟ್ಟಿಗೆ ಟವೆಲ್ ಅಡ್ಡ ಹಿಡಿಯುವರು. ಪುರೋಹಿತರು ಗದರಿದರೆ, "ನೀವು ಮಂತ್ರ ಹೇಳಿ ಸ್ವಾಮಿ, ಮುಹೂರ್ತ ನಾನ್ ನೋಡ್ಕೋತೀನಿ" ಎನ್ನುವರು. ಊಟದ ಪಂಕ್ತಿಯಲ್ಲೂ ವರನ ಎಡಗಡೆಯ ಎಲೆ ಅವರದೇ. ಸಾರು ಬಡಿಸುವವರು ಆ ಕಡೆ ಸುಳಿಯಲು ಹೆದರುತ್ತಿದ್ದರು. ಎಂಬತ್ತೊಂದರಲ್ಲಿ ಜಯನಗರದ ಛತ್ರವೊಂದಕ್ಕೆ ಬಂದಿದ್ದ ಹೊಸ ಫೋಟೋದವನು ನಗುತ್ತಾ, "ಯಜಮಾನ್ರೇ, ನಿಮ್ ಮದುವೇಲೂ ಇದನ್ನೇ ಕಟ್ಕೊಂಡಿದ್ರಾ?" ಎಂದ. ತಿಮ್ಮರಾಯಪ್ಪನವರು ಸುತ್ತ ಒಮ್ಮೆ ನೋಡಿ, "ಕಟ್ಕೊಂಡಿದ್ದೆ. ಟೈಮ್ ನೋಡ್ತಾ ನೋಡ್ತಾ ಮುಹೂರ್ತಾನೇ ಕಳ್ದೋಯ್ತು. ಹೆಣ್ಣಿನ ಕಡೆಯೋರು ಬರ್ಲೇ ಇಲ್ಲ" ಎಂದು ಮೆಲ್ಲಗೆ ಹೇಳಿ, ಗಡಿಯಾರ ಚೆನ್ನಾಗಿ ಕಾಣಲೆಂದು ವರನ ಅಂಗಿಯ ತೋಳನ್ನು ಒಂದು ಮಡಿಕೆ ಮೇಲಕ್ಕೆ ಸರಿಸಿದರು.