ಸುನಂದ ಇಳಿದ ಹಗೇವು

ಚಪ್ಪರದ ಕಂಬಕ್ಕೆ ಯಾರಾದರೂ ಗುಂಡಿ ತೋಡಿದರೆ ಸುನಂದ ಮೊದಲು ಬಗ್ಗಿ ನೋಡುತ್ತಿದ್ದಳು. ಮದುವೆಗೆ ಉಟ್ಟ ರೇಷ್ಮೆ ಸೀರೆಯಲ್ಲೇ ಕುಕ್ಕರಿಸಿ, ಗುಂಡಿಯ ಮಗ್ಗುಲಿನ ಮಣ್ಣು ಚಿವುಟಿ, ಬೆರಳಲ್ಲಿ ತಿಕ್ಕಿ, ಮೂಸುವಳು. ಮಕ್ಕಳೇ, ಅವಳು ನಿಮ್ಮ ತಾತನ ತಂಗಿ, ನನ್ನ ನಾದಿನಿ. ನಮ್ಮ ಬೂಕನಕೆರೆಯಿಂದ ಹೊರಟು ಈಜಿಪ್ಟಿನ ಹಳೆಯ ಬರಹ ಓದಲು ಕಲಿತಳು. ಓದಿದ್ದು ಸಾಲದೆ, ಅಲ್ಲಿಯ ಮರಳಿನಲ್ಲಿ ಕೂತು ಅಗೆದಳು.

ರಜೆಗೆ ಬಂದರೆ ಜಗಲಿಯ ಮೇಲೆ ಕೂತು ಪುಟಗಟ್ಟಲೆ ಆ ಬರಹದ ಅಕ್ಷರಗಳಾದ ಕಣ್ಣು, ಗರಿ, ಹಕ್ಕಿ ಬರೆಯುತ್ತಿದ್ದಳು.

"ಇಷ್ಟು ಓದಿ ಕೋಳಿಮರಿ ಬರೀತಾ ಕೂತಿದ್ದೀಯಲ್ಲಮ್ಮಿ," ಎಂದು ನಿಮ್ಮ ತಾತ ರೇಗಿಸುವರು.

"ಕೋಳಿಯಲ್ಲ ಕಣಣ್ಣ, ಬುರ್ಲಿ ಹಕ್ಕಿ ಮರಿ. ಕಾಲು ನೆಟ್ಟಗೆ ಬರೀನಿಲ್ಲ ಅಂದ್ರೆ ನಮ್ ಮೇಷ್ಟ್ರು ಪುಟಾನೇ ಅರ್ದಾಕ್ತಾರೆ."

ತೊಂಬತ್ತರ ದಶಕದ ಒಂದು ಬೇಸಿಗೆಯಲ್ಲಿ ಬಂದಾಗ ಅವಳ ಮುಖ ಬಾಡಿತ್ತು. ಅಲ್ಲಿ ಒಂದು ಹಳೆಯ ಮನೆಯ ನೆಲದಲ್ಲಿ ಗುಂಡಿ ಸಿಕ್ಕಿತ್ತು. ಆ ಮನೆಯವರೇ ಸಾವಿರಾರು ವರ್ಷದ ಹಿಂದೆ ಬರೆದ ಓಲೆಯೊಂದರಲ್ಲಿ ಧಾನ್ಯವನ್ನು ನೆಲದಡಿ ಇಟ್ಟ ಮಾತಿತ್ತು. ಎರಡನ್ನೂ ಸೇರಿಸಿ, ಅದು ಧಾನ್ಯದ ಗುಂಡಿ ಎಂದು ಡಾಕ್ಟರೇಟಿನ ಪ್ರಬಂಧ ಬರೆದಿದ್ದಳು. ಅಗೆಯುವವರು ಅದನ್ನು ಕಸದ ಗುಂಡಿ ಎಂದರು. ಬರಹ ಕಲಿಸುವವರು, ನೀನು ಬರಹವನ್ನಷ್ಟೇ ಓದಿಕೊಂಡಿರು, ಅಗೆತ ಬಿಡು ಎಂದರು. ಮಣ್ಣಿನಲ್ಲೇ ಸಾಕ್ಷಿ ತೋರಿಸಲು ಒಂದು ವರ್ಷ ಕೊಟ್ಟಿದ್ದರು. ಆಗದಿದ್ದರೆ ಪ್ರಬಂಧವೂ ಇಲ್ಲ, ಅಗೆತವೂ ಇಲ್ಲ.

"ಒಂದನ್ನ ಬುಡು ಅಂದ್ರೆ ಯಾವ್ದ ಬುಡ್ಲಿ ಅತ್ಗೆ? ಎರಡೂ ಮಾಡ್ತೀನಿ. ನಮ್ ಅಗೇವ್ನ ಒಂದ್ಸಲ ತೆಗ್ಸಿ, ಒಳ್ಗೆ ಯಂಗಿರ್ತದೆ ನೋಡ್ಬೇಕು," ಎಂದಳು.

ಹಗೇವು ಎಂದರೆ ರಾಗಿ ತುಂಬಿಡಲು ನೆಲದಲ್ಲಿ ತೋಡಿದ ಗುಂಡಿ. ಬಾಯಿ ಕಿರಿದು, ಹೊಟ್ಟೆ ಅಗಲ. ಒಳಗೋಡೆಯ ಸುತ್ತ ಹುಲ್ಲು ಒತ್ತಿಕೊಟ್ಟು, ರಾಗಿ ಸುರಿದು, ಚಪ್ಪಡಿ ಮುಚ್ಚಿ ಮಣ್ಣು ಮೆತ್ತುತ್ತಿದ್ದೆವು. ಆಗ ತಳದಲ್ಲಷ್ಟೇ ರಾಗಿ ಉಳಿದಿತ್ತು. ಚಪ್ಪಡಿ ಸರಿಸಿದ್ದೇ ತಡ, ಟೇಪು ಹಿಡಿದ ಸುನಂದ ಒಳಕ್ಕೆ ಕಾಲು ಇಳಿಬಿಟ್ಟಳು. ನಾನು ಜಡೆ ಹಿಡಿದು ಎಳೆದೆ. ಅದುವರೆಗೆ ಅವಳ ಮೇಲೆ ದನಿ ಎತ್ತಿದವಳೇ ಅಲ್ಲ.

"ಸಾಯಕ್ಕೆ ಬಂದಿದ್ದೀಯೇನಮ್ಮಿ? ಕೆಟ್ಟ ಗಾಳಿ ಓಗದು ಬ್ಯಾಡ್ವಾ?"

ಲಾಟೀನು ಇಳಿಸಿದೆ. ಅರ್ಧಕ್ಕೇ ಆರಿತು. ಸುನಂದ ಕಾಲು ಮೇಲಕ್ಕೆ ಎಳೆದುಕೊಂಡಳು.

"ಅವ್ವ ಪ್ರತಿ ಸಲಾನೂ ಯೋಳ್ತಿತ್ತು. ಮರ್ತೇ ಬುಟ್ಟಿದ್ದೆ ಅತ್ಗೆ."

ತಳ ಮುಟ್ಟಿದ ಲಾಟೀನು ಆರದೆ ಉರಿಯುವವರೆಗೆ ಕಾಯಿಸಿದೆ. ಮಧ್ಯಾಹ್ನದ ಮೇಲೆ ಇಳಿದಳು.

"ರಾಗಿ, ಹುಲ್ಲು ಎಲ್ಲಾ ಮಣ್ಣಾಗೋದ್ರೆ ಏನುಳೀತದೆ?" ಎಂದು ಕೆಳಗಿನಿಂದ ಕೇಳಿದಳು.

"ಗ್ವಾಡೇನ ಮೆತ್ತಗೆ ಕೆರ್ದು ನೋಡು. ಹುಲ್ಲು ಒತ್ಕೊಂಡಿದ್ದ ಗುರುತು ಇರ್ತದೆ. ವರ್ಸಾ ವರ್ಸಾ ಹುಲ್ಲು ಕೊಟ್ಟೋಳು ನಾನೇ ಅಲ್ವಾ."

ನಾನು ಹೇಳಿದ್ದನ್ನು ಹಾಗೆಯೇ ಬರೆದುಕೊಂಡಳು. ಈಜಿಪ್ಟಿಗೆ ಹಿಂತಿರುಗಿ ಹದಿನೈದು ದಿನ ಆ ಗುಂಡಿಯ ಗೋಡೆಯನ್ನು ಕುಂಚದಲ್ಲಿ ಬಿಡಿಸಿದಳಂತೆ. ಗುರುತು ಇತ್ತು. ಪ್ರಬಂಧ ಒಪ್ಪಿದರು.

ಅವಳನ್ನು ಕೊನೆಯ ಸಲ ನೋಡಿದ್ದು ಪಾಂಡವಪುರದ ರೈಲು ನಿಲ್ದಾಣದಲ್ಲಿ, ಕೆಲವು ವರ್ಷಗಳ ನಂತರ. ಸೊರಗಿದ್ದಳು, ಕೆಮ್ಮು ಬಿಟ್ಟಿರಲಿಲ್ಲ. ಈ ವರ್ಷ ಇಲ್ಲೇ ಇರು ಎಂದು ಕೈ ಹಿಡಿದುಕೊಂಡೆ.

"ಎಲ್ಲಿ ಅಗೀಬೇಕು ಅಂತ ಗೆರೆ ಆಕೋಳು ಈಗ ನಾನೇ ಅತ್ಗೆ. ಆಕ್ಬುಟ್ಟು ಬತ್ತೀನಿ."

ಹಾಕಿದಳು. ಅಲ್ಲೇ ತೀರಿಕೊಂಡಳು. ಮರುವರ್ಷ ಜೊತೆಯವರು ಅವಳು ಗೆರೆ ಹಾಕಿದ ಕಡೆಯೇ ಅಗೆದರು. ಇನ್ನೂ ಎರಡು ಗುಂಡಿ ಸಿಕ್ಕವು. ಈ ಸಲ ಯಾರೂ ಕಸದ ಗುಂಡಿ ಎನ್ನಲಿಲ್ಲ ಎಂದು ನಮಗೆ ಕಾಗದ ಬರೆದಿದ್ದರು.