ಬೇಸಿಗೆಯಿಲ್ಲದ ಊರಿನಲ್ಲೊಂದು ಬೇಸಿಗೆ ಮನೆ

ಹೆಂಡತಿ ಮೈಸೂರಿಗೆ ವಾಪಸಾದ ಎರಡನೆಯ ವರ್ಷ ನಾನು ಗಾಡಿಗೆ ಕಟ್ಟಿ ಎಳೆದೊಯ್ಯುವಂಥ ಹಳೆಯ ಗಾಲಿಮನೆಯೊಂದನ್ನು ಹುಡುಕಲು ಶುರು ಮಾಡಿದೆ.

ಅವಳು ಜಗಳವಾಡಿ ಹೋದವಳಲ್ಲ. ಮದುವೆಗೆ ಮುಂಚೆ ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತಿದ್ದಳು. ನನಗೆ ಸೈಬರ್‌ಜಯಾದಲ್ಲಿ ಕೆಲಸವಾದಾಗ ಕೈಗೂಸನ್ನು ಎತ್ತಿಕೊಂಡು ನನ್ನ ಹಿಂದೆ ಮಲೇಷ್ಯಾಕ್ಕೆ ಬಂದಳು. ನನ್ನ ವೀಸಾದ ಆಸರೆಯಲ್ಲಿ ಬಂದವಳಿಗೆ ಇಲ್ಲಿ ಕೆಲಸ ಮಾಡುವ ಅನುಮತಿ ಇರಲಿಲ್ಲ. ಪುಚೊಂಗ್‌ನ ಕಾಂಡೋದಲ್ಲಿ, ಹನ್ನೊಂದನೆಯ ಮಹಡಿಯಲ್ಲಿ, ಮಗಳು ದೊಡ್ಡವಳಾಗುವವರೆಗೂ ಮನೆ ನೋಡಿಕೊಂಡಿದ್ದಳು. ಮಗಳು ಡಿಗ್ರಿಗೆಂದು ಮೈಸೂರು ಸೇರಿದಾಗ ಜೊತೆಗೆ ಹೋದವಳು ಅಲ್ಲೇ ಒಂದು ಕಾಲೇಜಿನಲ್ಲಿ ಮತ್ತೆ ಪಾಠಕ್ಕೆ ನಿಂತಳು. “ಇದೊಂದು ವರ್ಷ ನೋಡ್ತೀನಿ ರೀ” ಅಂದಿದ್ದಳು. ವರ್ಷ ಕಳೆಯಿತು. ಆ ಮಾತನ್ನು ಅವಳೂ ಮತ್ತೆ ಎತ್ತಲಿಲ್ಲ, ನಾನೂ ಕೇಳಲಿಲ್ಲ.

ಒಬ್ಬನೇ ಇರುವುದು ನನಗೆ ಕಷ್ಟವಾಗಲಾರದು ಅಂದುಕೊಂಡಿದ್ದೆ. ಆಫೀಸು, ಕಾರು, ಮನೆ. ಬರುವ ದಾರಿಯಲ್ಲಿ ತಮಿಳು ಮುಸ್ಲಿಮರ ಮಾಮಕ್ ಹೋಟೆಲಿನಲ್ಲಿ ಎರಡು ರೋಟಿ, ಸ್ವಲ್ಪ ದಾಲ್ ತಪಾವ್, ಅಂದರೆ ಪಾರ್ಸೆಲ್, ಮಾಡಿಸಿಕೊಂಡು ಬಂದರೆ ಊಟದ ಯೋಚನೆಯೂ ಇಲ್ಲ. ಆದರೆ ಶನಿವಾರ ಬಂತೆಂದರೆ ಏನು ಮಾಡುವುದೆಂದು ತೋಚುತ್ತಿರಲಿಲ್ಲ. ಒಮ್ಮೆ ಸೋಮವಾರ ಬೆಳಿಗ್ಗೆ ಮೀಟಿಂಗಿನಲ್ಲಿ ಬಾಯಿ ತೆರೆದಾಗ ಗಂಟಲು ಕಟ್ಟಿದಂತಾಯಿತು. ನೆಗಡಿ ಇರಲಿಲ್ಲ. ಶುಕ್ರವಾರ ಸಂಜೆಯಿಂದ ನಾನು ಯಾರ ಜೊತೆಗೂ ಮಾತಾಡಿರಲಿಲ್ಲ, ಅಷ್ಟೇ. ಆ ವಾರ ಹೆಂಡತಿಗೆ ಪರೀಕ್ಷೆಯ ಕೆಲಸ, ಮಗಳು ಗೆಳತಿಯರ ಜೊತೆ ಪ್ರವಾಸ.

ಗಾಲಿಮನೆಯ ಯೋಚನೆ ಬಂದದ್ದಕ್ಕೆ ಕಾರಣ ಅವಳು ದೀಪಾವಳಿಗೆ ಬಂದಿದ್ದ ಐದು ದಿನ. ಬಂದ ಮರುದಿನವೇ ಸೀರೆ ಸೆರಗು ಸಿಕ್ಕಿಸಿಕೊಂಡು ಅಡುಗೆಮನೆಯ ಕಪಾಟುಗಳನ್ನೆಲ್ಲ ಖಾಲಿ ಮಾಡಿ ಒರೆಸಲು ಕೂತಳು. “ಬಿಡೇ, ರಜೆಗೆ ಬಂದಿದ್ದೀಯ” ಅಂದೆ. “ಈ ಮನೇಲಿ ಸುಮ್ನೆ ಕೂತ್ಕೊಳ್ಳೋದು ನಂಗೆ ಗೊತ್ತೇ ಇಲ್ಲ” ಅಂದಳು. ಅವಳನ್ನು ಅದೇ ಗೋಡೆಗಳ ನಡುವೆ ರಜೆಗೆ ಕರೆಯುವುದು ಸರಿಯಲ್ಲ ಅನ್ನಿಸಿತು. ಅವಳಿಗೂ ಮಗಳಿಗೂ ಕಾಲೇಜು ರಜೆ ಸಿಗುವುದು ಏಪ್ರಿಲ್, ಮೇ ತಿಂಗಳಲ್ಲಿ. ಮಲೇಷ್ಯಾದಲ್ಲಿ ಬೇಸಿಗೆ ಅಂತ ಬೇರೆ ಕಾಲವೇ ಇಲ್ಲ. ವರ್ಷವಿಡೀ ಅದೇ ಸೆಕೆ, ಅದೇ ಮಳೆ. ಆದರೂ ಮೈಸೂರಿನ ಬೇಸಿಗೆಗೆ ಹೊಂದುವ ಹಾಗೆ ಇಲ್ಲೊಂದು ಬೇಸಿಗೆ ಮನೆ ಮಾಡಬೇಕು ಅಂತ ನಿರ್ಧರಿಸಿದೆ.

ಜಾಗ ಸಿಕ್ಕಿದ್ದು ಅಕಸ್ಮಾತ್ತಾಗಿ. ಬೆಂಟೊಂಗ್ ಕಡೆಯ ಗುಡ್ಡದ ರಸ್ತೆಯಲ್ಲಿ ಚಹಾ ಕುಡಿಯಲು ನಿಲ್ಲಿಸಿದ್ದಾಗ ಪಕ್ಕದ ಬೆಂಚಿನ ತಮಿಳು ಮುದುಕರೊಬ್ಬರು ಮಾತಿಗೆ ಸಿಕ್ಕಿದರು. ಮೂವತ್ತೈದು ವರ್ಷ ಟ್ರೇಲರ್ ಲಾರಿ ಓಡಿಸಿ ನಿವೃತ್ತರಾದವರು. ಈಗ ಅವರಿಗೊಂದು ಸಣ್ಣ ಡುರಿಯನ್ ಹಣ್ಣಿನ ತೋಟ, ಅದರ ಮೂಲೆಯಲ್ಲಿ ಹಳ್ಳದ ಪಕ್ಕ ಸಮತಟ್ಟಾದ ಜಾಗ. ಬಾಡಿಗೆಗೆ ಕೊಡುತ್ತೀರಾ ಅಂತ ಕೇಳಿದೆ. “ಮನೆ ಕಟ್ಟಬಾರದು. ಮನೇನೇ ತಂದು ಇಟ್ಟುಕೊಳ್ಳೋದಾದ್ರೆ ಇಟ್ಟುಕೋ ತಂಬಿ” ಅಂದರು. ಅವರದು ತಮಿಳು, ನನ್ನದು ಕನ್ನಡ ಬೆರೆಸಿದ ಮುರುಕು ತಮಿಳು. ಇಲ್ಲಿ ಎರಡನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ. ನಾನು ಅವರನ್ನು ಅಂಕಲ್ ಅಂತ ಕರೆಯುತ್ತಿದ್ದೆ.

ಇಟ್ಟುಕೊಳ್ಳುವ ಮನೆ ಅಂದರೆ ಗಾಲಿಮನೆಯೇ ಸರಿ. ಸ್ವಲ್ಪ ದೂರದಲ್ಲಿ ಮುಚ್ಚಿಹೋದ ರೆಸಾರ್ಟೊಂದಿತ್ತು. ಅತಿಥಿಗಳು ಉಳಿಯಲೆಂದು ವಿದೇಶದಿಂದ ತರಿಸಿದ್ದ ಮೂರು ಹಳೆಯ ಟ್ರೇಲರುಗಳನ್ನು ಅದರ ಮಾಲೀಕರು ಮಾರಾಟಕ್ಕಿಟ್ಟಿದ್ದರು. ಮೂರೂ ‘ಫಿಫ್ತ್ ವೀಲ್’ ಜಾತಿಯವು. ಐದನೆಯ ಚಕ್ರ ಎಲ್ಲಿದೆ ಅಂತ ನಾನು ಬಗ್ಗಿ ಹುಡುಕುತ್ತಿದ್ದರೆ ಜೊತೆಗೆ ಬಂದಿದ್ದ ಅಂಕಲ್ ನಕ್ಕರು.

“ಚಕ್ರ ಅಲ್ಲ ತಂಬಿ. ನಮ್ಮ ಲಾರಿಯ ಬೆನ್ನ ಮೇಲೆ ದುಂಡಗಿನ ಕಬ್ಬಿಣದ ತಟ್ಟೆ ಇರುತ್ತಲ್ಲ, ಅದಕ್ಕೇ ಆ ಹೆಸರು. ಟ್ರೇಲರ್ ಕತ್ತು ಚಾಚಿ ಅದರ ಮೇಲೆ ಕೂತ್ಕೊಳ್ಳುತ್ತೆ. ಅದಕ್ಕೇ ನೋಡು, ಮುಂದಿನ ಭಾಗ ಮೇಲಕ್ಕೆ ಎದ್ದಿದೆ. ಮಂಚ ಅಲ್ಲಿರುತ್ತೆ.”

ನಾನು ಟೈರುಗಳನ್ನು ಒದ್ದು ನೋಡುತ್ತಿದ್ದೆ. ಹಳೆಯ ಗಾಡಿ ಕೊಳ್ಳುವವರು ಹಾಗೆ ಮಾಡುವುದನ್ನು ನೋಡಿದ್ದೆ.

“ಟೈರ್ ಯಾಕೆ ಒದೀತೀಯ? ಇದು ಓಡೋದಿಲ್ಲ, ನಿಲ್ಲುತ್ತೆ. ನಿಲ್ಲೋದಕ್ಕೆ ಬೇಕಾದ್ದು ನೋಡು. ಮೇಲೆ ಛಾವಣಿ, ಕೆಳಗೆ ನೆಲ. ಮಿಕ್ಕಿದ್ದೆಲ್ಲ ಆಮೇಲೆ ಲಾ.” ಮಾತಿನ ಕೊನೆಗೆ ‘ಲಾ’ ಸೇರಿಸುವುದು ಇಲ್ಲಿನವರ ರೂಢಿ.

ಮೊದಲನೆಯದರ ಬಾಗಿಲು ತೆರೆಯುತ್ತಿದ್ದಂತೆ ಒದ್ದೆ ಗೋಣಿಚೀಲದ ವಾಸನೆ ಬಂತು. ಅಂಕಲ್ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಮೂಲೆ ಮೂಲೆ ನಡೆದರು. ಸಿಂಕಿನ ಮುಂದೆ ಹೆಬ್ಬೆರಳು ಒತ್ತಿದಲ್ಲಿ ನೆಲ ಮೆತ್ತಗೆ ಕುಸಿಯಿತು. “ಗೆದ್ದಲು ಅಲ್ಲ, ನೀರು” ಅಂದು ಹೊರಗೆ ಬಂದುಬಿಟ್ಟರು.

ಉಳಿದ ಎರಡು ಗಟ್ಟಿಯಾಗಿದ್ದವು. ಒಂದು ದೊಡ್ಡದು, ಅಡುಗೆ ಕಟ್ಟೆಯ ಎದುರು, ತೋಟದಲ್ಲಿಟ್ಟರೆ ಹಳ್ಳ ಕಾಣುವಂಥ ಅಗಲವಾದ ಕಿಟಕಿ, ಎರಡು ಒಲೆ, ಓವನ್ನು. ನನಗೆ ಅದು ನೋಡಿದ ಕೂಡಲೇ ಹಿಡಿಸಿತು. ಇನ್ನೊಂದು ಸ್ವಲ್ಪ ಇಕ್ಕಟ್ಟು. ಅದರಲ್ಲಿ ಒಂದೇ ಒಲೆ, ಆದರೆ ಗುಂಡಿ ಒತ್ತಿದರೆ ಪಕ್ಕದ ಗೋಡೆಯೇ ಡ್ರಾಯರಿನ ಹಾಗೆ ಹೊರಗೆ ಸರಿದು, ಅಲ್ಲೊಂದು ಉದ್ದನೆಯ ಮರದ ಮೇಜು, ಎರಡು ಕುರ್ಚಿ ಇಡುವಷ್ಟು ಜಾಗ ಆಗುತ್ತಿತ್ತು.

ಕೊಳ್ಳುವ ಮುಂಚೆ ಒಂದು ಮಾತು ಕೇಳೋಣ ಅಂತ ದೊಡ್ಡ ಟ್ರೇಲರಿನಲ್ಲಿ ನಿಂತೇ ಮೈಸೂರಿಗೆ ವಿಡಿಯೋ ಕಾಲ್ ಮಾಡಿದೆ. ಮಗಳು ತೆಗೆದಳು. ಮಲೇಷ್ಯಾದಲ್ಲಿ ಬೆಳೆದ ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

“ಅಪ್ಪಾ, ವೇರ್ ಆರ್ ಯೂ? ಈಸ್ ದಟ್ ಅ ಬಸ್?”

“ಬಸ್ ಅಲ್ಲ ಪುಟ್ಟಾ, ಮನೆ. ಅಮ್ಮನಿಗೆ ಕೊಡು.”

ಹೆಂಡತಿ ಕನ್ನಡಕ ಹಣೆಯ ಮೇಲೇರಿಸಿ ಪರದೆ ನೋಡಿದಳು. ನಾನು ಫೋನನ್ನು ಅಡುಗೆ ಕಟ್ಟೆಯ ಉದ್ದಕ್ಕೂ ಆಡಿಸಿ, ಕಿಟಕಿ ತೋರಿಸಿ, ಓವನ್ನಿನ ಬಾಗಿಲನ್ನೂ ತೆರೆದು ತೋರಿಸಿದೆ. “ಹೇಗಿದೆ? ನಿಮ್ಮಿಬ್ಬರ ರಜೆಗೆ ಅಂತ ಇದನ್ನ ಒಂದು ತೋಟದಲ್ಲಿ ಇಡ್ತೀನಿ, ಆಗ ಇಲ್ಲಿ ನಿಂತು ಅಡುಗೆ ಮಾಡಿದ್ರೆ ನೇರ ಹಳ್ಳ ಕಾಣುತ್ತೆ.”

ಅವಳು ಪರದೆಗೆ ಇನ್ನಷ್ಟು ಹತ್ತಿರ ಬಂದು ನೋಡಿದಳು. ಆಮೇಲೆ, “ಅಂದ್ರೆ, ರಜೆಗೆ ಅಷ್ಟು ದೂರ ಬಂದು ನಾನು ಅಡುಗೆ ಮಾಡ್ಬೇಕಾ ರೀ?” ಅಂದಳು. ಕೋಪದಿಂದ ಅಲ್ಲ, ಗೊತ್ತಿಲ್ಲದ್ದನ್ನು ಕೇಳುವವರ ಹಾಗೆ.

ಓವನ್ನಿನ ಬಾಗಿಲು ಮುಚ್ಚಿದೆ. “ಹಾಗಲ್ಲ, ನಾನೇ ಮಾಡ್ತೀನಿ...”

“ಇರ್ಲಿ ಬಿಡಿ. ನಂಗೆ ಒಂದು ಮೇಜು ಇದ್ರೆ ಸಾಕು. ಓದ್ಕೊಳ್ಳೋಕೆ, ಬರ್ಕೊಳ್ಳೋಕೆ. ಆ ಕಾಂಡೋದಲ್ಲಿ ನಂದು ಅಂತ ಒಂದು ಮೇಜು ಇರ್ಲಿಲ್ಲ.”

ನಿಜ. ಊಟದ ಮೇಜಿತ್ತು, ನನ್ನ ಲ್ಯಾಪ್‌ಟಾಪಿನ ಮೇಜಿತ್ತು, ಮಗಳ ಓದಿನ ಮೇಜಿತ್ತು. ಅವಳು ಏನಾದರೂ ಬರೆಯುವುದಿದ್ದರೆ ಹಾಸಿಗೆಯ ಮೇಲೆ ದಿಂಬು ಇಟ್ಟುಕೊಂಡು ಬರೆಯುತ್ತಿದ್ದಳು. ಇಷ್ಟು ವರ್ಷ ಅದನ್ನು ನೋಡುತ್ತಲೇ ಇದ್ದೆ, ಒಂದು ಸಲವೂ ಗಮನಿಸಿರಲಿಲ್ಲ. ಮೇಜಿರುವ ಇಕ್ಕಟ್ಟಿನ ಟ್ರೇಲರನ್ನೇ ಕೊಂಡೆ.

ಅಂಕಲ್ ತಮ್ಮ ಹಳೆಯ ಗೆಳೆಯರೊಬ್ಬರ ಲಾರಿ ತರಿಸಿ, ಅದನ್ನು ತೋಟಕ್ಕೆ ತಂದು, ಸಿಮೆಂಟ್ ಬ್ಲಾಕುಗಳ ಮೇಲೆ ಮಟ್ಟಸವಾಗಿ ಕೂರಿಸಿದರು. ಎತ್ತಿದ ಕತ್ತಿನ ಕೆಳಗೆ ಎರಡು ಕಬ್ಬಿಣದ ಕಾಲು ಕೊಟ್ಟರು. ಮೂರನೆಯ ದಿನದ ಮಳೆಗೆ ಮಂಚದ ಮೇಲ್ಗಡೆ ಸೋರಿತು. ಇಬ್ಬರೂ ಸೇರಿ ಒಂದು ತಿಂಗಳ ಶನಿವಾರಗಳನ್ನೆಲ್ಲ ಅದಕ್ಕೇ ಕೊಟ್ಟೆವು. ಛಾವಣಿಯ ಸಂದುಗಳನ್ನು ಕೆರೆದು ಅಂಟು ಬಳಿದೆವು. ಆಮೇಲೆ ಅಂಕಲ್ ಅದನ್ನೂ ನಂಬದೆ, ಕಂಬ ನೆಟ್ಟು ಇಡೀ ಟ್ರೇಲರಿನ ಮೇಲೆ ಝಿಂಕ್ ಶೀಟಿನ ಮಾಡು ಹಾಕಿಸಿದರು. ಆ ತಿಂಗಳು ನನಗೆ ತುಂಬ ಚೆನ್ನಾಗಿತ್ತು. ಏಣಿ ಹಿಡಿದುಕೋ, ಸ್ಕ್ರೂ ಕೊಡು, ಮಾಕಾನ್ ಆಯ್ತಾ, ಬಾ ಊಟ ಮಾಡು ಅನ್ನುವವರೊಬ್ಬರು ಇದ್ದರು.

ಏಪ್ರಿಲ್‌ಗೆ ಹದಿನೈದು ದಿನ ರಜೆ ಹಾಕಿದೆ. ಮೇಜನ್ನು ಉಪ್ಪುಕಾಗದದಿಂದ ಉಜ್ಜಿ ಪಾಲಿಶ್ ಮಾಡಿದೆ. ಓದುವ ದೀಪ ತಂದೆ. ಅವರಿಬ್ಬರೂ ಬರಬೇಕಾಗಿದ್ದ ದಿನಕ್ಕೆ ಒಂದು ವಾರ ಮುಂಚೆ ಹೆಂಡತಿಯ ಫೋನ್ ಬಂತು.

“ರೀ, ವ್ಯಾಲ್ಯುಯೇಷನ್ ಡ್ಯೂಟಿ ಹಾಕಿದ್ದಾರೆ. ತಪ್ಪಿಸೋಕಾಗಲ್ಲ. ಮಗಳಿಗೂ ಇಂಟರ್ನ್‌ಶಿಪ್ ಸಿಕ್ಕಿದೆ.”

“ಸರಿ” ಅಂದೆ. “ಒಳ್ಳೇದೇ ಆಯ್ತಲ್ಲ” ಅಂತಲೂ ಸೇರಿಸಿದೆ. ಹಾಗೆ ಯಾಕೆ ಅಂದೆನೋ ಗೊತ್ತಿಲ್ಲ.

ರಜೆ ರದ್ದು ಮಾಡಲು ಮನಸ್ಸಾಗಲಿಲ್ಲ. ಒಬ್ಬನೇ ಹೋದೆ. ಅದೇ ವಾರ ಅಂಕಲ್ ತಂಗಿಯ ಮನೆಯ ಮದುವೆಗೆಂದು ಈಪೋಗೆ ಹೋಗಿದ್ದರು. ತೋಟದಲ್ಲಿ ನಾನು, ಅವರ ಕೋಳಿಗಳು. ಬೆಳಿಗ್ಗೆ ಎದ್ದು ಒಂದು ಕಾಫಿ ಮಾಡಿಕೊಂಡು ಮೆಟ್ಟಿಲ ಮೇಲೆ ಕೂರುತ್ತಿದ್ದೆ. ಹತ್ತು ಗಂಟೆಗೆಲ್ಲ ದಿನದ ಕೆಲಸ ಮುಗಿದಿರುತ್ತಿತ್ತು. ಮಧ್ಯಾಹ್ನದ ಮಳೆ ಝಿಂಕ್ ಶೀಟಿಗೆ ಬಡಿದರೆ ಫೋನಿನಲ್ಲಿ ಆ ಕಡೆಯ ದನಿಯೂ ಕೇಳುತ್ತಿರಲಿಲ್ಲ. ಮೇಜಿನ ಮುಂದೆ ಕೂತು ಏನಾದರೂ ಓದೋಣ ಅಂದುಕೊಂಡರೆ ಅದು ನನ್ನ ಜಾಗವಲ್ಲ ಅನ್ನಿಸಿ ಎದ್ದುಬಿಡುತ್ತಿದ್ದೆ. ಆರನೆಯ ದಿನ ಕೋಳಿಯೊಂದಕ್ಕೆ ಆಫೀಸಿನ ರಾಜಕೀಯ ವಿವರಿಸುತ್ತಿರುವುದು ನನ್ನ ಅರಿವಿಗೇ ಬಂದು, ನಗು ಬಂತು. ಸ್ವಲ್ಪ ಹೊತ್ತಿಗೆ ಅಳುವೂ ಬಂತು. ಐವತ್ತರ ಗಂಡಸು ಮಟಮಟ ಮಧ್ಯಾಹ್ನ ಮೆಟ್ಟಿಲ ಮೇಲೆ ಕೂತು ಅತ್ತದ್ದನ್ನು ಯಾರೂ ನೋಡಲಿಲ್ಲ. ಸಾಮಾನು ಕಟ್ಟಿ ಪುಚೊಂಗ್‌ಗೆ ಹೋಗಬಹುದಿತ್ತು. ಅಲ್ಲಿಯೂ ಇದೇ ತಾನೆ ಅನ್ನಿಸಿ ಅಲ್ಲೇ ಉಳಿದೆ.

ಹೆಂಡತಿ ಮೇ ಕೊನೆಗೆ ಬಂದಳು, ಒಬ್ಬಳೇ, ಆರು ದಿನಕ್ಕೆ. ಮೊದಲ ದಿನ ಮಂಚದ ಮೆಟ್ಟಿಲು ಹತ್ತುವಾಗ ತಲೆ ತಗುಲಿಸಿಕೊಂಡು “ಅಯ್ಯೋ, ಗುಬ್ಬಿಗೂಡು!” ಅಂದವಳು ಮರುದಿನ ಒಂಬತ್ತರವರೆಗೆ ನಿದ್ದೆ ಮಾಡಿದಳು. ಅವಳು ಅಷ್ಟು ಹೊತ್ತು ಮಲಗಿದ್ದನ್ನು ನಾನು ನೋಡಿಯೇ ಇರಲಿಲ್ಲ. ಎದ್ದು, ನಾನು ಮಾಡಿದ ಗಂಟು ಗಂಟಾದ ಉಪ್ಪಿಟ್ಟು ತಿಂದು, ಮೇಜಿನ ಮುಂದೆ ಕೂತಳು. ಮುಂದಿನ ವರ್ಷದ ಪಾಠಕ್ಕೆ ಟಿಪ್ಪಣಿ ಮಾಡುತ್ತಿದ್ದಳು. ಬರೆಯುವಾಗ ತುಟಿ ಅಲ್ಲಾಡುತ್ತಿತ್ತು, ಎದುರಿಗೆ ಮಕ್ಕಳಿದ್ದಾರೇನೋ ಅನ್ನುವ ಹಾಗೆ.

ನಾಲ್ಕನೆಯ ದಿನ, ಸಂಜೆಯ ಚಹಾದ ಹೊತ್ತಿಗೆ, ಪೆನ್ನು ಕೆಳಗಿಟ್ಟು ಕೇಳಿದಳು: “ಏಪ್ರಿಲ್‌ನಲ್ಲಿ ಇಲ್ಲಿ ಒಬ್ರೇ ಏನು ಮಾಡ್ತಿದ್ರಿ?”

“ಏನೂ ಇಲ್ಲ. ಕೋಳಿ ಜೊತೆ ಮಾತಾಡ್ತಿದ್ದೆ.” ತಮಾಷೆಯಾಗಿ ಹೇಳಲು ಹೊರಟವನು ನಿಜವನ್ನೇ ಹೇಳಿಬಿಟ್ಟೆ. “ಬಹಳ ಬೇಜಾರಾಯ್ತು ಕಣೇ.”

ಅವಳು ನನ್ನನ್ನೇ ನೋಡಿದಳು. “ನಾನು ಲಿಫ್ಟ್ ಜೊತೆ ಮಾತಾಡ್ತಿದ್ದೆ” ಅಂದಳು.

“ಅಂದ್ರೆ?”

“ನಿಮ್ಮನ್ನ ಆಫೀಸಿಗೆ, ಅವಳನ್ನ ಸ್ಕೂಲಿಗೆ ಕಳಿಸಿದ ಮೇಲೆ ಲಿಫ್ಟಲ್ಲಿ ಕೆಳಗೆ ಹೋಗಿ ಮೇಲೆ ಬರ್ತಿದ್ದೆ. ‘ಹನ್ನೊಂದನೇ ಮಹಡಿ’ ಅಂತ ಅದು ಮಲಯ್‌ನಲ್ಲಿ ಹೇಳುತ್ತಲ್ಲ, ನಾನು ಕನ್ನಡದಲ್ಲಿ ‘ಗೊತ್ತಮ್ಮಾ’ ಅಂತಿದ್ದೆ. ಅವಳು ಸ್ಕೂಲಿಗೆ ಸೇರಿದ ಮೊದಲ ಎರಡು ವರ್ಷ. ಆಮೇಲೆ ಅದನ್ನೂ ಬಿಟ್ಟೆ.”

“ನಂಗೆ ಯಾಕೆ ಹೇಳ್ಲಿಲ್ಲ?”

“ನೀವು ಸುಸ್ತಾಗಿ ಬರ್ತಿದ್ರಿ. ಹೇಳಿ ಏನು ಮಾಡೋದು? ನಿಮಗೂ ಬೇರೆ ದಾರಿ ಇರ್ಲಿಲ್ಲ.” ಪೆನ್ನಿನ ಮುಚ್ಚಳ ಹಾಕುತ್ತ ಅಂದಳು: “ನಾನು ಮೈಸೂರು ಬಿಟ್ಟು ಬರಲ್ಲ ರೀ. ನಿಮಗೆ ಅದು ಗೊತ್ತಾಗಿರ್ಬೇಕು. ಆದ್ರೆ ನಿಮ್ಮನ್ನ ಬಿಟ್ಟಿದ್ದೀನಿ ಅಂತ ಅಲ್ಲ.”

ಅವಳು ಒಂದು ವರ್ಷ ನೋಡ್ತೀನಿ ಅಂದಿದ್ದ ಮಾತಿಗೆ ಅಂತೂ ಉತ್ತರ ಸಿಕ್ಕಿತು. ನೋವಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಅದಕ್ಕಿಂತ ಹೆಚ್ಚಾಗಿ ಕಾಡಿದ್ದು ಆ ಲಿಫ್ಟು. ಎಷ್ಟೋ ಸಾವಿರ ಸಲ ನಾನೂ ಅದರಲ್ಲಿ ಹತ್ತಿಳಿದಿದ್ದೇನೆ. ಮಗ್ಗುಲಲ್ಲಿ ಮಲಗಿದ್ದವಳು ಎಷ್ಟು ಒಂಟಿಯಾಗಿದ್ದಳು ಅನ್ನುವುದು, ನಾನು ಒಂಟಿಯಾದ ಮೇಲೆ, ಕಾಡಿನಂಥ ತೋಟದಲ್ಲಿ ಗೊತ್ತಾಗಬೇಕಾಯಿತು. ಕ್ಷಮೆ ಕೇಳಬೇಕು ಅನ್ನಿಸಿತು. ಎದ್ದು ಹೋಗಿ ಚಹಾದ ಲೋಟಗಳನ್ನು ತೊಳೆದೆ. ಅವಳು ಬಂದು ಪಕ್ಕದಲ್ಲಿ ನಿಂತು ಒರೆಸಿ ಇಟ್ಟಳು. ಆ ಇಕ್ಕಟ್ಟಿನಲ್ಲಿ ಇಬ್ಬರು ನಿಂತರೆ ಭುಜಕ್ಕೆ ಭುಜ ತಾಗುತ್ತಿತ್ತು, ಇಬ್ಬರೂ ಸರಿಯಲಿಲ್ಲ.

ಅವಳನ್ನು ವಿಮಾನ ಹತ್ತಿಸಿ ಬಂದ ಮೇಲೆ ಎಲ್ಲ ಸರಿಹೋಯಿತು ಅಂತೇನಿಲ್ಲ. ನಾನಿನ್ನೂ ಸೈಬರ್‌ಜಯಾದಲ್ಲೇ ದುಡಿಯುತ್ತಿದ್ದೇನೆ. ಇನ್ನು ಕೆಲವು ವರ್ಷ ಬಿಡುವಂತಿಲ್ಲ. ಅವಳು ವರ್ಷಕ್ಕೊಮ್ಮೆ ಬರುತ್ತಾಳೆ, ನಾನು ದಸರೆಗೆ ಹೋಗುತ್ತೇನೆ. ಪ್ರತಿ ಬೆಳಿಗ್ಗೆ ಕಾಲೇಜಿಗೆ ನಡೆದು ಹೋಗುವ ಇಪ್ಪತ್ತು ನಿಮಿಷ ಅವಳು ಫೋನಿನಲ್ಲಿರುತ್ತಾಳೆ. ಈಗ ಹೆಚ್ಚು ಕೇಳುವವನು ನಾನು. ಶನಿವಾರಗಳಲ್ಲಿ ಟ್ರೇಲರಿಗೆ ಹೋಗುತ್ತೇನೆ. ಮಳೆ ಹನಿಯುತ್ತಿದ್ದರೆ ಅಂಕಲ್ ಅಲ್ಲಿಗೇ ಬಂದು, ಮಾಡಿನ ಕೆಳಗೆ ಕುರ್ಚಿ ಹಾಕಿಕೊಂಡು, ತಾವು ಲಾರಿ ಓಡಿಸಿದ ರಸ್ತೆಗಳ ಕತೆ ಹೇಳುತ್ತಾರೆ. ಕತ್ತಲಾಗುವ ಮುಂಚೆ ಅವರು ಎದ್ದು ಹೋದ ಮೇಲೆ ತೋಟ ಒಮ್ಮೆಲೇ ದೊಡ್ಡದಾದಂತೆ ಕಾಣುತ್ತದೆ. ಆಗ ಒಳಗೆ ಹೋಗಿ, ಒಬ್ಬನಿಗೆ ಸಾಕಾಗುವಷ್ಟು ಅನ್ನಕ್ಕೆ ಇಡುತ್ತೇನೆ.