ಅಷ್ಟಮಿಯ ದಿನ ನುಂಗಿದ ಮಾತ್ರೆ

ಮದುವೆಯಾಗಿ ವರ್ಷಗಳು ಕಳೆದರೂ ಮಕ್ಕಳಾಗದಿದ್ದಾಗ ಮೂಡುಬಿದಿರೆಯ ನಮ್ಮ ಬಂಧುಬಳಗ ನೋಡಿದ್ದು ನನ್ನ ಹೊಟ್ಟೆಯನ್ನೇ. ಬಸದಿಯಲ್ಲಿ ನನ್ನ ಹೆಸರಿಗೆ ಹರಕೆ, ಅಡುಗೆಮನೆಯಲ್ಲಿ ನನಗೆ ಕಷಾಯ. ಅತ್ತೆ ಕೆಟ್ಟವರಲ್ಲ, ಮದ್ದು ಬೇಕಾದದ್ದು ಹೆಂಗಸಿಗೆ ಎಂದು ನಂಬಿದ್ದರು, ಅಷ್ಟೇ. ನನಗೆ ಮಾತ್ರ ಆ ಕಷಾಯದ ಲೋಟ ಕಂಡರೆ ಮೈಯೆಲ್ಲ ಉರಿಯುತ್ತಿತ್ತು.

ಪರೀಕ್ಷೆ ಮಾಡಿಸುವ ಎಂದು ಮೊದಲು ಹೇಳಿದ್ದು ನನ್ನ ಗಂಡ. ಊರಲ್ಲಾದರೆ ಸುದ್ದಿ ನಮಗಿಂತ ಮೊದಲೇ ಮನೆ ಸೇರುತ್ತದೆಂದು ಬಂಟ್ವಾಳಕ್ಕೆ ಹೋದೆವು. ನನ್ನಲ್ಲಿ ತೊಂದರೆ ಇರಲಿಲ್ಲ. ಅವರ ವೀರ್ಯಾಣುಗಳ ಸಂಖ್ಯೆ ಕಡಿಮೆ, ರಕ್ತದಲ್ಲಿ ಸತುವಿನ, ಅಂದರೆ ಜಿಂಕಿನ, ಅಂಶವೂ ಕಡಿಮೆ. ಡಾಕ್ಟರು ಜಿಂಕ್ ಮಾತ್ರೆ ಬರೆದುಕೊಟ್ಟು, ಇದರಿಂದ ಮಗು ಆಗಿಯೇ ಆಗುತ್ತದೆ ಎನ್ನಲಾರೆ, ಇರುವ ಕೊರತೆಯನ್ನಂತೂ ತುಂಬುವ ಎಂದರು. ಬೆಳಿಗ್ಗೆ ತಿಂಡಿಯಾದ ಮೇಲೆ ಒಂದು. ಊರವರ ಮಾಡಿಗೆಲ್ಲ ಜಿಂಕ್ ಶೀಟು ಮಾರುವ ನೀವು ಕೊನೆಗೆ ಅದನ್ನೇ ತಿನ್ನುವಂತಾಯಿತಲ್ಲ ಎಂದು ಬಸ್ಸಿನಲ್ಲಿ ಚುಡಾಯಿಸಿದೆ. ನಕ್ಕರು.

ಅಷ್ಟಮಿ ಬಂತು. ಅಷ್ಟಮಿ, ಚತುರ್ದಶಿ ಎಂದರೆ ನಮ್ಮ ಜೈನರ ಮನೆಯಲ್ಲಿ ಎಲ್ಲರಿಗೂ ಉಪವಾಸ. ಕಾಯಿಸಿದ ನೀರು ಬಿಟ್ಟರೆ ಬೇರೇನಿಲ್ಲ. ಮಾತ್ರೆ ತಪ್ಪಬಾರದು, ವ್ರತವೂ ಮುರಿಯಬಾರದು ಎಂದು ನನ್ನ ಗಂಡ ಖಾಲಿ ಹೊಟ್ಟೆಯಲ್ಲೇ ಅದನ್ನು ನುಂಗಿದರು. ಸ್ವಲ್ಪ ಹೊತ್ತಿಗೆ ಬಚ್ಚಲಿನಿಂದ ವಾಂತಿಯ ಸದ್ದು. ಚಾವಡಿಯಲ್ಲಿ ಅತ್ತೆಯೂ, ಬೆಳ್ತಂಗಡಿಯಿಂದ ಬಂದಿದ್ದ ಅವರ ತಂಗಿಯೂ ಕೂತಿದ್ದರು. ಇಬ್ಬರ ಮುಖವೂ ಅರಳಿತು. ಅತ್ತೆ ದೇವರ ಕೋಣೆಯತ್ತ ಕೈಮುಗಿದರು. ಅಷ್ಟರಲ್ಲಿ ನಾನು ಹೂ ಕೊಯ್ದುಕೊಂಡು ಅಂಗಳದಿಂದ ಒಳಗೆ ಬಂದೆ.

ಬಚ್ಚಲಿನಿಂದ ಅವರು ಮುಖ ಒರೆಸುತ್ತ ಬಂದರು. ಪಿತ್ತ ಎಂದಿದ್ದರೆ ಮುಗಿಯುತ್ತಿತ್ತು. ಹಾಗೆ ಹೇಳಲಿಲ್ಲ.

"ವಾಂತಿ ಮಾಡಿದ್ದು ನಾನು, ಅಮ್ಮ. ಮಕ್ಕಳಾಗ್ಲಿಕ್ಕೆ ಮಾತ್ರೆ ತಿಂತಾ ಇದ್ದೇನೆ. ಕೊರತೆ ಇರುವುದು ನನ್ನಲ್ಲಿ, ಇವಳಿಗೇನೂ ತೊಂದರೆ ಇಲ್ಲ. ಇನ್ನು ಇವಳಿಗೆ ಕಷಾಯ ಬೇಡ."

ಹೀಗೆ ನಾಲ್ಕು ಜನರ ಎದುರು ಹೇಳಿದ ಗಂಡಸನ್ನು ನಾನು ನಮ್ಮ ಕಡೆ ಬೇರೆ ಕಂಡಿಲ್ಲ. ಬಿಳಿಚಿಕೊಂಡಿದ್ದ ಆ ಮುಖದ ಮೇಲೆ ಅಂದಷ್ಟು ಪ್ರೀತಿ ನನಗೆ ಹಿಂದೆಂದೂ ಉಕ್ಕಿರಲಿಲ್ಲ. ಅತ್ತೆ ಎದ್ದು ಒಳಗೆ ಹೋದರು.

ಮಾತ್ರೆ ಈಗಲೂ ನಡೆದಿದೆ. ಮಗು ಇನ್ನೂ ಆಗಿಲ್ಲ. ಆದರೆ ಆ ಅಷ್ಟಮಿ ಕಳೆದು ಬಂದ ಚತುರ್ದಶಿಯ ಬೆಳಿಗ್ಗೆ, ಜ್ವರ ಬಂದರೂ ಉಪವಾಸ ಬಿಡದ, ಬೇರೆಯವರಿಗೂ ಬಿಡಲು ಕೊಡದ ಅತ್ತೆ ಒಲೆ ಹಚ್ಚಿದ್ದರು. ಮಗನ ಮುಂದೆ ಗಂಜಿಯ ಬಟ್ಟಲು ಇಟ್ಟರು.

"ಮೊದಲು ಉಣ್ಣು, ಮತ್ತೆ ಮಾತ್ರೆ ತೆಗೊ. ಇವತ್ತು ನನ್ನದು, ನಿನ್ನ ಉಪವಾಸ ನಾಳೆ ನಾನು ಮಾಡ್ತೇನೆ."

ಗಂಜಿ ಬೇಯಿಸಿದ್ದು ನನ್ನ ಕಷಾಯ ಕುದಿಸುತ್ತಿದ್ದ ಪಾತ್ರೆಯಲ್ಲಿ.